ಬರೀ ಬುಟ್ಟಿ ಬೇಡಿದ ಪಾರುಪತ್ಯಗಾರ

ಇನ್ನೂ ಹತ್ತಿರ ಬನ್ನಿ. ಕಂಬಳಿ ಮೊಣಕಾಲಿಗೆ ಎಳೆದುಕೊಳ್ಳಿ. ನಾನು ಹೇಳುತ್ತಾ ಹೋಗುತ್ತೇನೆ, ನೀವು ಹೂಂ ಅನ್ನುತ್ತಾ ಬರಬೇಕು. ಹೂಂ ನಿಂತರೆ ಕಥೆಯೂ ನಿಂತುಬಿಡುತ್ತದೆ, ಎತ್ತು ಬಿಚ್ಚಿದ ಗಾಡಿಯ ಹಾಗೆ.

ಬೆಟ್ಟಕ್ಕೆ ಬೆನ್ನು ಕೊಟ್ಟು, ಹೊಳೆಗೆ ಕಾಲು ಚಾಚಿ ಕೂತಿದ್ದ ಒಂದು ರಾಜ್ಯವಿತ್ತು. ಹೆಸರು ಚಳಿಗೇರಿ. ರಾಜ್ಯ ಅಂದರೆ ಎಷ್ಟು ದೊಡ್ಡದು ಅಂದುಕೊಂಡಿರಿ? ಒಂದು ಅರಮನೆ, ಎಂಬತ್ತು ಮನೆ. ಅಷ್ಟೇ. ಈ ತುದಿಯಲ್ಲಿ ಒಗ್ಗರಣೆ ಸಿಡಿದರೆ ಆ ತುದಿಯವರು, "ಇವತ್ತು ಏನು ಸಾರು?" ಅಂತ ಕೂಗಿ ಕೇಳುತ್ತಿದ್ದರು.

ಅಲ್ಲಿಗೊಬ್ಬ ರಾಜ. ವೀರಮಾರ್ತಾಂಡರಾಜ ಅಂತ ಗಟ್ಟಿ ಹೆಸರು. ಆದರೆ ಚಳಿಗಾಲ ಬಂತೆಂದರೆ ಅವನ ಮೂಗು ಯಾರ ಮಾತೂ ಕೇಳುತ್ತಿರಲಿಲ್ಲ. ಒಂದು ಮಾತಿಗೆ ಒಂದು ಸೀನು. ಒಂದು ದಿನ, "ಯಾರಲ್ಲಿ, ಕರೆತನ್ನಿ... ಆಕ್ಷೀ!" ಅಂದ. ಕಾವಲುಗಾರರು ಎರಡು ದಿನ ಊರೆಲ್ಲ ಹುಡುಕಿ ಬಂದು, "ಪ್ರಭು, ಆಕ್ಷಿ ಅನ್ನೋ ಹೆಣ್ಣುಮಗಳು ನಮ್ಮೂರಲ್ಲಿ ಇಲ್ಲ" ಅಂತ ಕೈ ಮುಗಿದರು.

ಮೂಗು ಹೇಗಾದರೂ ಇರಲಿ, ಮನಸ್ಸು ಒಳ್ಳೆಯದು. ಪುಷ್ಯ ಮಾಸದಲ್ಲಿ ಬೆಟ್ಟದ ಮೇಲಿನ ತೋಟಗಳಿಂದ ಕಿತ್ತಳೆ ಹಣ್ಣು ಇಳಿಯುತ್ತಿತ್ತು. ಕತ್ತೆಗಳ ಮೇಲೆ ಸಾಲುಸಾಲಾಗಿ ಬಿದಿರಿನ ಬುಟ್ಟಿಗಳು. ಬುಟ್ಟಿಯೊಳಗೆ ಒಣಹುಲ್ಲಿನ ಹಾಸಿಗೆ. ಹಾಸಿಗೆಯ ಮೇಲೆ ಹಣ್ಣು. ಹಣ್ಣಿನ ಮೇಲೆ ಗೋಣಿತಾಟು ಹೊದೆಸಿ, ಸುತ್ತಲೂ ದಬ್ಬಳದಿಂದ ಹೊಲಿಗೆ. ಕೂಸನ್ನು ಮಲಗಿಸಿದ ಹಾಗೆ ಮಲಗಿಸಿರುತ್ತಿದ್ದರು.

ರಾಜ ಹೇಳುತ್ತಿದ್ದ, "ಚಳಿಗಾಲದ ಹಣ್ಣನ್ನು ಚಳಿಗಾಲದಲ್ಲೇ ತಿನ್ನಬೇಕು. ನಾನೊಬ್ಬನೇ ತಿಂದರೆ ಬರೀ ಸೀನು. ಊರೆಲ್ಲ ತಿಂದರೆ ಹಬ್ಬ. ಮನೆಗೊಂದು ಬುಟ್ಟಿ ಹಂಚಿಬಿಡಿ. ಆಕ್ಷೀ!"

ಹಂಚುವ ಕೆಲಸ ಯಾರದು? ಅರಮನೆಯ ಉಗ್ರಾಣ ನೋಡಿಕೊಳ್ಳುವ ಪಾರುಪತ್ಯಗಾರನದು. ಅವನ ಹೆಸರು ನಂಜರಸಯ್ಯ. ಉಗ್ರಾಣದ ಬಾಗಿಲಿಗೆ ಅವನ ಮೂಗು ತಲುಪುವುದಕ್ಕೂ ಮೊದಲು ಹೊಟ್ಟೆ ತಲುಪುತ್ತಿತ್ತು. ಹಿಂದಿನ ವರ್ಷಗಳಲ್ಲಿ ಹೇಗೋ ಹಂಚಿದ್ದ. ಈ ವರ್ಷ ಹಣ್ಣು ಬಂದ ದಿನ, "ಸಿಹಿಯೋ ಹುಳಿಯೋ ನೋಡೋಣ" ಅಂತ ಒಂದು ಸುಲಿದ. ಸಿಹಿ. "ಇದೊಂದೇ ಸಿಹಿಯೋ, ಎಲ್ಲವೂ ಸಿಹಿಯೋ?" ಅಂತ ಇನ್ನೊಂದು ಸುಲಿದ. ಅದೂ ಸಿಹಿ. ಹೀಗೆ ನೋಡುತ್ತಾ ನೋಡುತ್ತಾ ಸಂಜೆಗೆ ಒಂದು ಬುಟ್ಟಿ ಖಾಲಿ.

ಬಾಯಿಗೆ ರುಚಿ ಹತ್ತಿತು, ಬುದ್ಧಿಗೆ ಗೆದ್ದಲು ಹತ್ತಿತು. ಉಗ್ರಾಣಕ್ಕೆ ಬೀಗ ಜಡಿದ. ರಾಜನ ಹತ್ತಿರ ಹೋಗಿ, "ಹಂಚಿ ಆಯಿತು ಪ್ರಭು, ಜನ ನಿಮ್ಮನ್ನು ಹಾಡಿ ಹರಸುತ್ತಿದ್ದಾರೆ" ಅಂದ. ಜನರ ಹತ್ತಿರ ಬಂದು, "ಈ ವರ್ಷ ಹಣ್ಣೆಲ್ಲ ಕೊಳೆತು ಹೋಯಿತು, ಹೊಳೆಗೆ ಸುರಿದೆ" ಅಂದ. ದಿನಕ್ಕೊಂದು ಬುಟ್ಟಿ ಒಬ್ಬನೇ ತಿನ್ನತೊಡಗಿದ.

ಅರಮನೆಯ ಅಂಗಳ ಗುಡಿಸುವವಳು ದ್ಯಾವಮ್ಮ. ಸಣ್ಣ ಆಳು, ದೊಡ್ಡ ದನಿ. ಅವಳ ಮಗಳು ಹೊನ್ನಿ ಐದು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಅನ್ನ ಕಂಡರೆ ವಾಕರಿಕೆ, ಮುದ್ದೆ ಕಂಡರೆ ಮುಖ ಆಚೆ. ಕೆನ್ನೆ ಇಳಿದು ಕಣ್ಣು ಒಳಗೆ ಹೋಗಿತ್ತು.

"ಏನು ಬೇಕವ್ವಾ ನಿನಗೆ? ಹುಣಸೆಕಾಯಿ ತರಲಾ? ಸುಟ್ಟ ಗೆಣಸು ತರಲಾ?"

"ಕಿತ್ತಳೆ ಹಣ್ಣು."

"ಅದೊಂದು ಬಿಟ್ಟು?"

"ಎರಡು ಕಿತ್ತಳೆ ಹಣ್ಣು" ಅಂದಳು ಹೊನ್ನಿ, ಅಳುತ್ತಾ.

ಬಸುರಿ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಅಂತ ಹಿರಿಯರು ಹೇಳುತ್ತಾರಲ್ಲ. ದ್ಯಾವಮ್ಮನಿಗೆ ಕೂಸಿನ ಕಿವಿಗಿಂತ ಮಗಳ ಕಣ್ಣಿನದೇ ಚಿಂತೆಯಾಯಿತು. ಸೆರಗು ಸಿಕ್ಕಿಸಿಕೊಂಡು ಉಗ್ರಾಣಕ್ಕೆ ನಡೆದಳು.

"ಸ್ವಾಮಿ, ಬಸುರಿ ಮಗಳಿದ್ದಾಳೆ. ಒಂದೇ ಒಂದು ಹಣ್ಣು ಕೊಡಿ."

"ಹಣ್ಣು ಎಲ್ಲಿದೆ ದ್ಯಾವಮ್ಮ? ಎಲ್ಲಾ ಕೊಳೆತು ಹೋಯಿತು" ಅಂದ ನಂಜರಸಯ್ಯ. ಮೂಲೆಯಲ್ಲಿ ಬಿದ್ದಿದ್ದ ಖಾಲಿ ಬುಟ್ಟಿಯನ್ನು ಕಾಲಿನಿಂದ ಒದ್ದು, "ಬೇಕಿದ್ದರೆ ಈ ಬುಟ್ಟಿ ತಗೊಂಡು ಹೋಗು. ನಿನ್ನ ಮಗಳು ಬಿದಿರು ಕಡೀತಾಳೇನೋ!" ಅಂತ ಹೊಟ್ಟೆ ಕುಣಿಸಿ ನಕ್ಕ.

ದ್ಯಾವಮ್ಮ ನಗಲಿಲ್ಲ, ಅಳಲೂ ಇಲ್ಲ. ಬುಟ್ಟಿ ಎತ್ತಿಕೊಂಡು ಬಂದಳು. ಹೊನ್ನಿ ಬುಟ್ಟಿಯೊಳಗೆ ಮುಖ ಇಟ್ಟು, ಆ ವಾಸನೆ ಎಳೆದುಕೊಂಡು, "ಅವ್ವಾ, ಬುಟ್ಟಿ ಇಷ್ಟು ಘಮ್ ಅಂದರೆ ಹಣ್ಣು ಹೇಗಿರಬೇಡ!" ಅಂತ ಇನ್ನೂ ಜೋರಾಗಿ ಅತ್ತಳು.

ಅವರ ಮನೆಯಲ್ಲಿ ಒಂದು ಕೋಳಿ ಇತ್ತು. ಕಾಳು ತಿನ್ನುವುದು ದ್ಯಾವಮ್ಮನ ಮನೆಯಲ್ಲಿ, ಮೊಟ್ಟೆ ಇಡುವುದು ಕಂಡವರ ಹುಲ್ಲಿನ ಮೆದೆಯಲ್ಲಿ. ಅಂಥ ಕೃತಘ್ನ ಕೋಳಿ. ದ್ಯಾವಮ್ಮ ಆ ಸಂಜೆ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿದಳು. ಬೆಳಿಗ್ಗೆ ಎತ್ತಿ ನೋಡಿದರೆ ಮೊಟ್ಟೆ! ಮಾರನೇ ದಿನವೂ ಮೊಟ್ಟೆ.

ನಾಲ್ಕು ದಿನ ಬಿಟ್ಟು ಮತ್ತೆ ಹೋದಳು. "ಸ್ವಾಮಿ, ಅರ್ಧ ಕೊಳೆತದ್ದಾದರೂ ಒಂದು ಹಣ್ಣು?"

"ಇಲ್ಲ ಅಂದೆನಲ್ಲ. ತಗೋ, ಈ ಹುಲ್ಲು ಒಯ್ಯಿ. ನಿನ್ನ ಮಗಳಿಗೆ ಕೊಂಬು ಬಂದಿದ್ದರೆ ಮೇಯಲಿ!"

ದ್ಯಾವಮ್ಮ ಹುಲ್ಲು ಹೊರೆ ಕಟ್ಟಿ ತಂದಳು. ಹಳೇ ಸೀರೆಯ ಚೀಲ ಹೊಲಿದು, ಅದರೊಳಗೆ ತುಂಬಿ ಮಗಳಿಗೆ ಹಾಸಿಗೆ ಮಾಡಿದಳು. ಸೊಂಟ ನೋವಿನಿಂದ ನರಳುತ್ತಿದ್ದ ಹೊನ್ನಿ ಹತ್ತು ದಿನದ ಮೇಲೆ ಕಣ್ಣು ತುಂಬ ನಿದ್ದೆ ಮಾಡಿದಳು.

ಆದರೆ ಹುಲ್ಲು ತುಂಬುವಾಗ ದ್ಯಾವಮ್ಮನ ಕೈ ಒಂದು ಗಳಿಗೆ ನಿಂತಿತು. ಕೊಳೆತ ಕಿತ್ತಳೆ ಅಂದರೆ ನೀರು ಬಿಡಬೇಕು, ಬೂಷ್ಟು ಹಿಡಿಯಬೇಕು, ನಾತ ಬರಬೇಕು. ಈ ಹುಲ್ಲು ನೋಡಿದರೆ ಗರಿಗರಿ ಒಣಗಿದೆ. ಒಂದು ಕಲೆ ಇಲ್ಲ.

"ಓಹೋ" ಅಂದಳು ದ್ಯಾವಮ್ಮ. ಅಷ್ಟೇ ಅಂದಳು.

ಮೂರನೇ ಸಲ ಹೋದದ್ದು ಹಣ್ಣು ಕೇಳುವುದಕ್ಕಲ್ಲ, ಮುಖ ನೋಡುವುದಕ್ಕೆ. ನೋಡಿದಳು. ಉಗುರೆಲ್ಲ ಹಳದಿ. ಮೀಸೆಯಲ್ಲೊಂದು ಬೀಜ.

"ಸ್ವಾಮಿ, ಮೀಸೆಯಲ್ಲಿ ಏನೋ ಬೀಜ..."

"ಬೀಜ ಅಲ್ಲ ಅದು, ಮಚ್ಚೆ!" ಅಂದ ನಂಜರಸಯ್ಯ. ಮಚ್ಚೆ ಅಷ್ಟರಲ್ಲಿ ಉದುರಿ ಕೆಳಗೆ ಬಿತ್ತು. "ಏನು ನಿಂತು ನೋಡ್ತೀಯ? ತಗೋ ಈ ಗೋಣಿ. ಹೊದೆಸಿ ನಿನ್ನ ಮಗಳನ್ನ ಮೂಟೆ ಕಟ್ಟಿಡು!"

ದ್ಯಾವಮ್ಮ ಗೋಣಿಯನ್ನು ಮಡಚಿ, ತಲೆಗೂ ಬೆನ್ನಿಗೂ ಆಗುವ ಹಾಗೆ ಕೊಪ್ಪೆ ಹೊಲಿದುಕೊಂಡಳು. ರಾಜನಿಗೆ ದೂರು ಕೊಡಬಹುದಿತ್ತಲ್ಲ ಅಂತೀರಾ? ರಾಜನ ಹತ್ತಿರ ಹೋಗಬೇಕಾದರೆ ಪಾರುಪತ್ಯಗಾರನ ಬಾಗಿಲು ದಾಟಿಯೇ ಹೋಗಬೇಕಿತ್ತು. ಅದಕ್ಕೇ ಅವಳು ಸುಮ್ಮನೆ ಕಾದಳು.

ಮಾರನೇ ದಿನ ಬೆಳಗಿನ ಮಂಜು. ಅಂಗಳದಲ್ಲಿ ನಿಂತರೆ ನಮ್ಮ ಕೈ ನಮಗೆ ಕಾಣದು. ನಂಜರಸಯ್ಯ ಶಾಲು ಹೊದ್ದು, ಶಾಲಿನ ಮೇಲೆ ಇನ್ನೊಂದು ಶಾಲು ಹೊದ್ದು, ಗಡಗಡ ನಡುಗುತ್ತಾ ಹೊರಗೆ ಬಂದ. ಹತ್ತು ದಿನಕ್ಕೆ ಹತ್ತು ಬುಟ್ಟಿ ಕಿತ್ತಳೆ ತಿಂದ ಹೊಟ್ಟೆ ಗುಳುಗುಳು ಅನ್ನುತ್ತಿತ್ತು. ಹಲ್ಲೆಲ್ಲ ಜುಂ ಅನ್ನುತ್ತಿತ್ತು. ನಿದ್ದೆ ಇಲ್ಲ. ಆ ಕಡೆ ನೋಡಿದರೆ ದ್ಯಾವಮ್ಮ ಕೊಪ್ಪೆ ಹೊದ್ದು, ಬೆಚ್ಚಗೆ, ಹಾಡು ಹೇಳುತ್ತಾ ಕಸ ಗುಡಿಸುತ್ತಿದ್ದಾಳೆ!

'ಇದೇನು ಅನ್ಯಾಯ' ಅಂದುಕೊಂಡ ನಂಜರಸಯ್ಯ. 'ಹಣ್ಣು ತಿಂದವನು ನಾನು. ಹಾಡು ಹೇಳುವವಳು ಇವಳು.'

"ಏ ದ್ಯಾವಮ್ಮ, ಅದೇನು ಅಷ್ಟು ಖುಷಿ?"

"ಎಲ್ಲಾ ನೀವು ಕೊಟ್ಟದ್ದೇ ಸ್ವಾಮಿ. ಗೋಣಿ ಬೆಚ್ಚಗಿಡುತ್ತೆ. ಹುಲ್ಲು ನಿದ್ದೆ ಕೊಡುತ್ತೆ. ಬುಟ್ಟಿ ದಿನಾ ಮೊಟ್ಟೆ ಕೊಡುತ್ತೆ."

"ಏನು? ಬುಟ್ಟಿ ಮೊಟ್ಟೆ ಕೊಡುತ್ತಾ?"

"ಸಂಜೆ ಬೋರಲು ಹಾಕ್ತೀನಿ. ಬೆಳಿಗ್ಗೆ ಎತ್ತಿದರೆ ಮೊಟ್ಟೆ."

ನೋಡಿ, ದ್ಯಾವಮ್ಮ ಒಂದು ಸುಳ್ಳನ್ನೂ ಹೇಳಲಿಲ್ಲ. ಒಳಗೆ ಕೋಳಿ ಇತ್ತೇ ಅಂತ ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ನಂಜರಸಯ್ಯನಾದರೋ ಹುಟ್ಟಿದಾಗಿನಿಂದ ಮೊಟ್ಟೆಯನ್ನು ಕಂಡದ್ದು ತಟ್ಟೆಯಲ್ಲಿ ಮಾತ್ರ. ಅದು ಎಲ್ಲಿಂದ ಬರುತ್ತದೆ ಅಂತ ವಿಚಾರಿಸುವ ಪುರುಸೊತ್ತು ಅವನ ಬಾಯಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಉಗ್ರಾಣಕ್ಕೆ ಓಡಿದ. ಎಪ್ಪತ್ತು ಬುಟ್ಟಿ ಇನ್ನೂ ಹೊಲಿಗೆ ಬಿಚ್ಚದೆ ಕೂತಿವೆ. ಎಪ್ಪತ್ತು ಬುಟ್ಟಿ, ದಿನಕ್ಕೆ ಎಪ್ಪತ್ತು ಮೊಟ್ಟೆ! ಆದರೆ ಒಳಗೆಲ್ಲ ಈ ಹಾಳು ಹಣ್ಣು ತುಂಬಿದೆಯಲ್ಲ!

"ದ್ಯಾವಮ್ಮಾ! ಬಾ ಇಲ್ಲಿ! ಈ ಹಣ್ಣನ್ನೆಲ್ಲ ಆಚೆ ಸಾಗಿಸು!"

ದ್ಯಾವಮ್ಮ ಹಿತ್ತಲ ಬಾಗಿಲಿನಿಂದ ಊರಿನವರನ್ನೆಲ್ಲ ಕರೆತಂದಳು. ಎಲ್ಲರ ಎದುರಿಗೆ ಕೇಳಿದಳು.

"ಸ್ವಾಮಿ, ಇದು ರಾಜರು ಕಳಿಸಿದ ಹಣ್ಣು. ನಿಜವಾಗಿಯೂ ಬೇಡವಾ?"

"ಬೇಡ!"

"ಒಂದು ಬುಟ್ಟಿಯಾದರೂ ಇಟ್ಟುಕೊಳ್ಳಿ."

"ಹಣ್ಣಿಟ್ಟರೆ ಬುಟ್ಟಿ ಎಲ್ಲಿ ಖಾಲಿಯಾಗುತ್ತೆ? ಬೇಡ!"

"ಆಮೇಲೆ ದ್ಯಾವಮ್ಮ ಕದ್ದಳು ಅನ್ನಬಾರದು."

"ಬೇಡ ಬೇಡ ಬೇಡ! ತೊಲಗಿಸಿ ಅಂದೆನಲ್ಲ!"

ಮೂರು ಸಲ ಹೇಳಿದ. ಊರೇ ಕೇಳಿಸಿಕೊಂಡಿತು. ಆಮೇಲೆ ನೋಡಬೇಕಿತ್ತು ಆ ಸಡಗರ! ಬುಟ್ಟಿ ಮುಟ್ಟುವ ಹಾಗಿಲ್ಲವಲ್ಲ, ಹಣ್ಣು ತುಂಬಿಕೊಳ್ಳುವುದು ಎಲ್ಲಿಗೆ? ಹೆಂಗಸರು ಮಡಿಲಿಗೆ ತುಂಬಿಕೊಂಡರು. ಗಂಡಸರು ಪಂಚೆ ಹಾಸಿದರು. ಒಬ್ಬಳು ನೀರಿನ ಕೊಡ ತಂದಳು, ಇನ್ನೊಬ್ಬಳು ಮೊರ ತಂದಳು. ಕುಂಬಾರರ ತಾತ ತಲೆಯ ರುಮಾಲು ಬಿಚ್ಚಿ ಕಟ್ಟಿಕೊಂಡ. ಅವನ ತಲೆ ಬೋಳು ಅಂತ ಊರಿಗೆ ಗೊತ್ತಾದದ್ದೇ ಅವತ್ತು. ನಂಜರಸಯ್ಯ ನಡುವೆ ನಿಂತು, "ಹುಷಾರು! ಗೋಣಿ ಹರಿದೀತು! ಹುಲ್ಲು ತುಳಿಯಬೇಡಿ!" ಅಂತ ಕೂಗುತ್ತಿದ್ದ. ಹಣ್ಣು ಅವನ ಕಾಲಡಿಯಲ್ಲೇ ಉರುಳಿ ಹೋಗುತ್ತಿತ್ತು. ಅವನು ತಿರುಗಿಯೂ ನೋಡಲಿಲ್ಲ.

ದ್ಯಾವಮ್ಮ ಎಂಬತ್ತು ಮನೆಗೂ ಸಮನಾಗಿ ಹಂಚಿದಳು. ಕೊನೆಗೆ ತನ್ನ ಪಾಲು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಹೊನ್ನಿ ಮೊದಲನೇ ಹಣ್ಣನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡಿದಳು. ಸುಲಿದಳು. ಒಂದು ತೊಳೆ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ಅವಳು ಕಣ್ಣು ಬಿಟ್ಟದ್ದು ಏಳನೇ ಹಣ್ಣು ಮುಗಿದ ಮೇಲೆ.

"ಅವ್ವಾ, ನೀನು ತಿಂದೆಯಾ?"

"ನೀನು ತಿನ್ನೋದು ನೋಡಿಯೇ ನನ್ನ ಹೊಟ್ಟೆ ತುಂಬಿತು ಬಿಡು."

ಹೊನ್ನಿ ಎಂಟನೆಯದನ್ನು ಸುಲಿದು ಅವ್ವನ ಬಾಯಿಗೇ ತುರುಕಿದಳು. "ಈಗ ಒಂದಿಷ್ಟು ಅನ್ನ ಹಾಕು" ಅಂದಳು. ಅದನ್ನು ಕೇಳಿ ದ್ಯಾವಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಿಪ್ಪೆಯ ರಸ ಕಣ್ಣಿಗೆ ಸಿಡಿಯಿತು ಅಂತ ಮಗಳಿಗೆ ಹೇಳಿದಳು.

ಇತ್ತ ನಂಜರಸಯ್ಯ ಎಪ್ಪತ್ತು ಬುಟ್ಟಿ ಬೋರಲು ಹಾಕಿ ಮಲಗಿದ. ಬೆಳಿಗ್ಗೆ ಒಂದೊಂದೇ ಎತ್ತಿದ. ಏನೂ ಇಲ್ಲ. ಕೆಳಗೆ ಹುಲ್ಲು ಹಾಸಿ ನೋಡಿದ. ಒಂದು ಮಿಡತೆ ಸಿಕ್ಕಿತು. ಮೇಲೆ ಗೋಣಿ ಹೊದೆಸಿ ನೋಡಿದ. ಮಿಡತೆಯೂ ಹೋಯಿತು. ಮೂರನೇ ದಿನ ದ್ಯಾವಮ್ಮನ ಹತ್ತಿರ ಬಂದು ಹಲ್ಲು ಕಿರಿದ.

"ನಮ್ಮ ಬುಟ್ಟಿ ಯಾಕೋ ಮೊಟ್ಟೆ ಕೊಡ್ತಿಲ್ಲ ದ್ಯಾವಮ್ಮ."

"ಒಳಗೆ ಒಂದು ಜೀವ ಕೂರಬೇಕು ಸ್ವಾಮಿ. ಬೆಚ್ಚಗೆ ಕೂತು ಕೊಕ್ಕೊಕ್ಕೋ ಅನ್ನಬೇಕು."

'ಜೀವ ಅಂದರೆ ನನ್ನದೂ ಜೀವವೇ ತಾನೇ!' ಅಂದುಕೊಂಡ ಆ ಮಹಾನುಭಾವ. ಹೋಗಿ, ಎಲ್ಲಕ್ಕಿಂತ ದೊಡ್ಡ ಬುಟ್ಟಿ ಹುಡುಕಿ, ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಗೋಣಿ ಹೊದ್ದು, ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡ. ಹೊಟ್ಟೆ ಒಳಗೆ ಹಿಡಿಸಲಿಲ್ಲ. ಬುಟ್ಟಿ ಒಂದು ಕಡೆ ಗೇಣುದ್ದ ಎದ್ದೇ ನಿಂತಿತು. "ಕೊಕ್ಕೊಕ್ಕೋ" ಅಂದ. ನಾಚಿಕೆಯಾಯಿತು. ಯಾರೂ ಇಲ್ಲವಲ್ಲ ಅಂತ ಇನ್ನೂ ಜೋರಾಗಿ ಅಂದ.

ಯಾರೂ ಇಲ್ಲ ಅಂದುಕೊಂಡದ್ದೇ ತಪ್ಪು. ದ್ಯಾವಮ್ಮನ ಕೋಳಿ ಹಗಲು ಹೊತ್ತು ಹಳೇ ಚಾಳಿಯಂತೆ ಕಂಡವರ ಹುಲ್ಲು ಹುಡುಕುತ್ತಾ ತಿರುಗುತ್ತಿತ್ತು. ಉಗ್ರಾಣದಿಂದ ಕೊಕ್ಕೊಕ್ಕೋ ಕೇಳಿಸಿತು. ಯಾರೋ ನೆಂಟರು ಬಂದಿರಬೇಕು ಅಂತ ಒಳಗೆ ಹೋಯಿತು. ಎದ್ದು ನಿಂತ ಬುಟ್ಟಿಯ ಸಂದಿಯಲ್ಲಿ ನುಸುಳಿ, ನಂಜರಸಯ್ಯನ ಹಿಂದೆ ಬೆಚ್ಚಗೆ ಕೂತಿತು.

ಅವತ್ತು ಸಂಕ್ರಾಂತಿ. ರಾಜ ಊರು ನೋಡಲು ಹೊರಟ. ಮನೆಮನೆಯ ಮುಂದೆ ಕಿತ್ತಳೆ ಸಿಪ್ಪೆ ಒಣಗುತ್ತಿದೆ. ರಾಜನಿಗೆ ಖುಷಿ.

"ಹಣ್ಣು ಹೇಗಿತ್ತು ತಾತ?" ಅಂತ ಕುಂಬಾರರ ತಾತನನ್ನು ಕೇಳಿದ.

"ತಡವಾದರೂ ಸಿಹಿ ಪ್ರಭು. ಮೂರು ದಿನದ ಕೆಳಗೆ ದ್ಯಾವಮ್ಮ ತಂದುಕೊಟ್ಟಳು."

"ಮೂರು ದಿನವೇ? ಹಂಚಿ ಆಯಿತು ಅಂತ ನಂಜರಸಯ್ಯ ಹೇಳಿ ಎಷ್ಟು ದಿನ ಆಯಿತು! ಎಲ್ಲಿ ಅವನು? ಆಕ್ಷೀ!"

ದ್ಯಾವಮ್ಮ ಮುಂದೆ, ರಾಜ ಹಿಂದೆ, ಊರೆಲ್ಲ ಅವನ ಹಿಂದೆ ಉಗ್ರಾಣಕ್ಕೆ ಬಂದರು. ಬಾಗಿಲು ತೆರೆದರೆ ಎಪ್ಪತ್ತು ಬುಟ್ಟಿ ಬೋರಲು. ನಡುವಿನ ಒಂದು ಬುಟ್ಟಿ ಅಲ್ಲಾಡುತ್ತಿದೆ.

"ಕೊಕ್ಕೊಕ್ಕೋ."

"ಯಾರದು?" ಅಂದ ರಾಜ.

ಬುಟ್ಟಿಯ ಅಲ್ಲಾಟ ನಿಂತಿತು. ಆಮೇಲೆ ಸಣ್ಣ ದನಿ ಬಂತು. "ಯಾರೂ ಇಲ್ಲ. ಕೋಳಿ."

"ಕೋಳಿ ಮಾತಾಡುತ್ತಾ?"

"ಅರಮನೆ ಕೋಳಿ, ಪ್ರಭು."

ಹುಲ್ಲಿನ ಧೂಳು ರಾಜನ ಮೂಗಿಗೆ ಹೋಯಿತು. ಮೂಗು ಅಗಲವಾಯಿತು. ಊರಿನವರು ಕಿವಿ ಮುಚ್ಚಿಕೊಂಡರು. "ಆ... ಆ... ಆಕ್ಷೀ!" ಅಂತ ಬಂತು ನೋಡಿ ಒಂದು ಸೀನು! ಬುಟ್ಟಿಗಳು ಚೆಲ್ಲಾಪಿಲ್ಲಿ ಉರುಳಿದವು. ನಂಜರಸಯ್ಯ ಬೆಚ್ಚಿ ಬುಟ್ಟಿ ಸಮೇತ ಎದ್ದು ನಿಂತ. ಅವನು ಕೂತಿದ್ದ ಜಾಗದಲ್ಲಿ, ಹುಲ್ಲಿನ ಮೇಲೆ, ಬೆಳ್ಳಗೆ ಒಂದು ಮೊಟ್ಟೆ.

ನಂಜರಸಯ್ಯ ಮೊಟ್ಟೆ ನೋಡಿದ. ಕಣ್ಣು ತುಂಬಿ ಬಂತು. ಎರಡೂ ಕೈಯಲ್ಲಿ ಎತ್ತಿ ರಾಜನಿಗೆ ತೋರಿಸಿದ.

"ಪ್ರಭು! ಇಟ್ಟೇಬಿಟ್ಟೆ! ನಾನೇ ಇಟ್ಟೆ!"

ಅಷ್ಟರಲ್ಲಿ ಅವನ ಗೋಣಿಯ ಮಡಿಕೆಯಿಂದ ಕೋಳಿ ಹೊರಗೆ ಹಾರಿತು. ತನ್ನ ಮೊಟ್ಟೆ ಕಿತ್ತುಕೊಂಡ ಸಿಟ್ಟಿಗೆ ಅವನ ಮೂಗಿಗೆ ಒಂದು ಕುಕ್ಕು ಕೊಟ್ಟು, ಎಲ್ಲರ ಕಾಲ ಸಂದಿಯಿಂದ ಹೊರಟುಹೋಯಿತು.

ಊರು ನಕ್ಕಿತು. ರಾಜ ನಕ್ಕ. ನಕ್ಕು ನಕ್ಕು ಸೀನಿದ, ಸೀನಿ ಸೀನಿ ನಕ್ಕ. ಆಮೇಲೆ ಮುಖ ಗಂಟು ಹಾಕಿ ಕೇಳಿದ, "ಹಣ್ಣು ಹಂಚಿದೆ ಅಂದೆಯಲ್ಲ, ಯಾರಿಗೆ ಹಂಚಿದೆ?"

"ಹಂಚಿದೆ ಪ್ರಭು... ಅರ್ಧ ನನ್ನ ಬಾಯಿಗೆ, ಅರ್ಧ ನನ್ನ ಹೊಟ್ಟೆಗೆ."

"ಹಣ್ಣು ಕೊಳೆಯಿತು ಅಂತ ಜನಕ್ಕೆ ಹೇಳಿದೆಯಂತೆ, ಇವರೆಲ್ಲ ಅನ್ನುತ್ತಿದ್ದಾರೆ. ಯಾವ ಹಣ್ಣು ಕೊಳೆಯಿತು?"

ದ್ಯಾವಮ್ಮ ಒಂದು ಹಿಡಿ ಹುಲ್ಲು ಎತ್ತಿ ರಾಜನ ಮುಂದೆ ಹಿಡಿದಳು. "ನೀವೇ ನೋಡಿ ಪ್ರಭು, ಒಂದು ಕಲೆ ಇದೆಯಾ? ಹಣ್ಣು ಕೊಳೆತಿರಲಿಲ್ಲ. ಕೊಳೆತದ್ದು ಬೇರೆ."

ನಂಜರಸಯ್ಯ ತಲೆ ತಗ್ಗಿಸಿದ. ರಾಜ ಅವನ ಸೊಂಟದಿಂದ ಬೀಗದ ಕೈ ಬಿಚ್ಚಿಸಿ ದ್ಯಾವಮ್ಮನಿಗೆ ಕೊಟ್ಟ. "ಇನ್ನು ಮೇಲೆ ಹಂಚುವವಳು ನೀನು. ಹೊರುವವನು ಇವನು. ಮನೆಮನೆಗೂ ಬುಟ್ಟಿ ತಲೆಯ ಮೇಲೆ ಹೊತ್ತು ಕೊಟ್ಟು ಬರಲಿ. ಎಂಬತ್ತನೇ ಮನೆ ಮುಗಿದ ಮೇಲೆ, ಎಲ್ಲರ ಎದುರಿಗೆ, ಅವನಿಗೂ ಹಣ್ಣು ಕೊಡು."

"ಎಷ್ಟು ಕೊಡಲಿ ಪ್ರಭು?"

"ಒಂದು... ಆಕ್ಷೀ!"

"ಒಂದರ ಮೇಲೊಂದು ಆಕ್ಷಿ ಅಂದರೆ ಎರಡೇ ಇರಬೇಕು" ಅಂತ ದ್ಯಾವಮ್ಮ ಎರಡು ಕೊಟ್ಟಳು. ಅವಳ ಮನಸ್ಸು ಅಂಥದ್ದು.

ಅಲ್ಲಿಂದ ಮುಂದೆ ಪ್ರತಿ ಚಳಿಗಾಲ ನಂಜರಸಯ್ಯ ಬುಟ್ಟಿ ಹೊತ್ತ. ಹೊತ್ತು ಹೊತ್ತು ಹೊಟ್ಟೆ ಕರಗಿತು, ಹೊಟ್ಟೆ ಕರಗಿ ನಿದ್ದೆ ಬಂತು. ಹೊನ್ನಿಗೆ ಹೆಣ್ಣು ಕೂಸು ಹುಟ್ಟಿತು. ಕಿವಿ ಸೋರಲಿಲ್ಲ, ಆದರೆ ಅದರ ಕೂಗಿಗೆ ಅಕ್ಕಪಕ್ಕದವರ ಕಿವಿ ಕಿವುಡಾಯಿತು. ಊರಿನವರು ಹಣ್ಣು ತಿಂದ ಮೇಲೆ ಬುಟ್ಟಿ ಎಸೆಯುವುದನ್ನೇ ಮರೆತರು. ಒಬ್ಬರ ಮನೆಯಲ್ಲಿ ಅದು ಸೊಪ್ಪು ತರುವುದಕ್ಕೆ, ಇನ್ನೊಬ್ಬರ ಮನೆಯಲ್ಲಿ ಬೆಕ್ಕಿನ ಮರಿ ಮಲಗುವುದಕ್ಕೆ. ಸಿಪ್ಪೆ ಒಣಗಿಸಿ ಹಂಡೆಯ ನೀರಿಗೆ ಹಾಕಿದರೆ ಇಡೀ ಬಚ್ಚಲು ಘಮ್.

ನೀತಿ ಏನಪ್ಪಾ ಅಂದರೆ, ಹಂಚಿ ತಿಂದವರಿಗೆ ಸಿಪ್ಪೆಯೂ ಸಿಹಿ, ಬಚ್ಚಿಟ್ಟು ತಿಂದವನಿಗೆ ತೊಳೆಯೂ ಕಹಿ. ಬುದ್ಧಿ ಇದ್ದವರ ಕೈಯಲ್ಲಿ ಖಾಲಿ ಬುಟ್ಟಿಯೂ ಖಾಲಿಯಲ್ಲ. ದುರಾಸೆ ತುಂಬಿದವನಿಗೆ ಉಗ್ರಾಣ ತುಂಬಿದ್ದರೂ ಬರಿದೇ.

ಕಥೆ ಬೆಟ್ಟ ಹತ್ತಿ ಹೋಯಿತು, ನಾವು ಊಟಕ್ಕೆ ಏಳೋಣ.